ಹೇಳಿ ಹೊರಡಲಾಗದ ನೌಕರಿ

2015ರ ಜುಲೈ 29ರಂದು ಲಿಬಿಯಾದ ಸಿರ್ತ್ ಪಟ್ಟಣದಿಂದ ನಾಲ್ವರು ಭಾರತೀಯ ಅಧ್ಯಾಪಕರು ಊರಿಗೆ ಹೊರಟರು. ಟ್ರಿಪೋಲಿಗೆ ಹೋಗಿ, ಅಲ್ಲಿಂದ ಟ್ಯುನೀಷಿಯಾ ಮೂಲಕ ಭಾರತ ಸೇರುವುದು ಅವರ ಲೆಕ್ಕ. ಸಿರ್ತ್‌ನಿಂದ ಸುಮಾರು ಐವತ್ತು ಕಿಲೋಮೀಟರ್ ದೂರದಲ್ಲಿ ಅವರನ್ನು ತಡೆದು ಹಿಡಿದಿಟ್ಟರು. ಅಷ್ಟರಲ್ಲಿ ಆ ಪಟ್ಟಣ ಇಸ್ಲಾಮಿಕ್ ಸ್ಟೇಟ್ ಉಗ್ರರ ಕೈಗೆ ಹೋಗಿತ್ತು. ನಾಲ್ವರೂ ಸಿರ್ತ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಇಬ್ಬರು ಕರ್ನಾಟಕದವರು, ಅವರಲ್ಲೊಬ್ಬರು ನಮ್ಮ ಬಳ್ಳಾರಿ ಸೀಮೆಯ ಪಕ್ಕದ ರಾಯಚೂರಿನವರು. ಕರ್ನಾಟಕದ ಇಬ್ಬರು ಎರಡೇ ದಿನಕ್ಕೆ, ಜುಲೈ 31ರಂದು, ಬಿಡುಗಡೆಯಾದರು. ಆಂಧ್ರ ಮತ್ತು ತೆಲಂಗಾಣದ ಇನ್ನಿಬ್ಬರು ಹೊರಬರಲು 2016ರ ಸೆಪ್ಟೆಂಬರ್ ಬೇಕಾಯಿತು. ಆ ಸುದ್ದಿಯನ್ನು ಟ್ವಿಟರ್‌ನಲ್ಲಿ ದೇಶಕ್ಕೆ ತಿಳಿಸಿದವರು ಅಂದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್.

ಲಿಬಿಯಾ ಬಿಟ್ಟು ಬನ್ನಿ ಎಂದು ನಮ್ಮ ಸರ್ಕಾರ 2014ರಲ್ಲೇ ಹೇಳಿತ್ತು. ಹಾಗಿದ್ದೂ ಇನ್ನೊಂದು ವರ್ಷ ಅಲ್ಲೇಕೆ ಕೂತಿದ್ದರು ಎಂಬ ಪ್ರಶ್ನೆ ಇಂಥ ಸುದ್ದಿ ಬಂದಾಗಲೆಲ್ಲ ಏಳುತ್ತದೆ. ಹೊರದೇಶದಲ್ಲಿ ಮೇಷ್ಟ್ರಾಗಿ ದುಡಿದು ಬಂದವರು ಮಾತ್ರ ಅದನ್ನು ಕೇಳುವುದಿಲ್ಲ. ನೌಕರಿ ಬಿಡುವುದು, ದೇಶ ಬಿಡುವುದು ಅಲ್ಲಿ ಎರಡು ಬೇರೆ ಕೆಲಸಗಳು, ಮತ್ತು ಬಹಳ ಕಡೆ ಎರಡಕ್ಕೂ ಒಬ್ಬನೇ ಮನುಷ್ಯನ, ಅಂದರೆ ಮಾಲೀಕನ, ಒಪ್ಪಿಗೆ ಬೇಕು. ಆ ಒಪ್ಪಿಗೆ ಸಿಗುವುದಿಲ್ಲ ಎಂದು ಖಾತ್ರಿಯಾದವರು ಸಂಬಳದ ಬಾಕಿಗಾಗಿ ಕಾಯುತ್ತಾ ಕೂರುತ್ತಾರೆ, ಇಲ್ಲವೇ ಒಂದು ದಿನ ಯಾರಿಗೂ ಹೇಳದೆ ಹೊರಟು ಬರುತ್ತಾರೆ.

ಯುದ್ಧವಿಲ್ಲದ ದೇಶಗಳಿಂದಲೂ ಹೀಗೆ ಬರುವವರಿದ್ದಾರೆ. ಗೋಡೆ ಹಾರಿ, ಮುಖ ಮುಚ್ಚಿಕೊಂಡು ಓಡಿ ಬರುವ ಕಥೆ ಇದಲ್ಲ. ಕೊಲ್ಲಿ ದೇಶಗಳ ಭಾರತೀಯ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಹೋಗಿ ಬರುವ ಎರಡೂ ಟಿಕೆಟ್ ಕೈಯಲ್ಲಿ ಹಿಡಿದು, ಸಹೋದ್ಯೋಗಿಗಳಿಗೆ ಊರಿನಿಂದ ಏನು ತರಲಿ ಎಂದು ಕೇಳಿ, ವಿಮಾನ ಹತ್ತುತ್ತಾರೆ. ಮರಳುವ ಟಿಕೆಟ್ ಹಾಗೆಯೇ ಉಳಿಯುತ್ತದೆ. ಶಾಲೆ ತೆರೆದ ವಾರಕ್ಕೆ ಫೋನ್ ಬರುತ್ತದೆ, ಇವರು ಎತ್ತುವುದಿಲ್ಲ. ಕಾನೂನಿನ ಕಣ್ಣಲ್ಲಿ ಇದೂ ನೋಟಿಸ್ ಇಲ್ಲದೆ ಕೆಲಸ ಬಿಟ್ಟದ್ದೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಓದುಗರಿಗೆ ಇದು ದೂರದ ವಿಷಯ ಅನ್ನಿಸಬಹುದು. ಆದರೆ ಕೆಲಸ ಹುಡುಕಿ ಊರು ಬಿಡುವುದರಲ್ಲಿ ನಮ್ಮಷ್ಟು ಪಳಗಿದ ಸೀಮೆ ಕಡಿಮೆ. ಮಳೆ ಕೈಕೊಟ್ಟ ವರ್ಷ ತಾಂಡಾಗಳಿಗೆ ತಾಂಡಾಗಳೇ ಬಾಗಿಲಿಗೆ ಬೀಗ ಹಾಕಿ ಮಲೆನಾಡಿನ ಕಾಫಿ ತೋಟಕ್ಕೆ, ಮಂಡ್ಯದ ಕಬ್ಬಿನ ಗದ್ದೆಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೂ ಇದು ನಿಂತಿಲ್ಲ. ಗುಳೆ ಹೋದವರ ಮಕ್ಕಳಲ್ಲಿ ಕೆಲವರು ಹಾಸ್ಟೆಲ್‌ನಲ್ಲಿದ್ದು ಓದಿ ಬಿ.ಎಸ್ಸಿ., ಬಿ.ಎಡ್. ಮುಗಿಸಿದ್ದಾರೆ. ಅವರ ಮುಂದಿರುವ ದಾರಿ ಎಂಥದ್ದು? ಸಂವಿಧಾನದ 371 (ಜೆ) ವಿಧಿಯ ಮೀಸಲಾತಿ ಬಂದ ಮೇಲೆ ಕಲ್ಯಾಣ ಕರ್ನಾಟಕಕ್ಕೆ ಶಿಕ್ಷಕರ ಹುದ್ದೆಗಳು ಸಿಕ್ಕಿವೆ ನಿಜ. 2022ರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ 5,000 ಹುದ್ದೆ ಈ ಭಾಗದ್ದೇ. ಆದರೆ ಅಧಿಸೂಚನೆಗೂ ನೇಮಕಾತಿ ಪತ್ರಕ್ಕೂ ನಡುವೆ ಕೋರ್ಟು, ತಡೆಯಾಜ್ಞೆ ಎಂದು ವರ್ಷ ಸವೆಯುತ್ತದೆ. ಅಲ್ಲಿಯವರೆಗೆ ಅತಿಥಿ ಶಿಕ್ಷಕರಾಗಿ ತಿಂಗಳಿಗೆ ಹತ್ತು, ಹನ್ನೆರಡು ಸಾವಿರಕ್ಕೆ ದುಡಿಯಬೇಕು, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಇಂಥವರ ಮೊಬೈಲಿಗೆ ಮಾಲ್ಡೀವ್ಸ್‌ನಲ್ಲಿ ಗಣಿತ ಶಿಕ್ಷಕರು ಬೇಕಾಗಿದ್ದಾರೆ, ಮಸ್ಕತ್‌ನಲ್ಲಿ ವಿಜ್ಞಾನ ಶಿಕ್ಷಕಿ ಬೇಕಾಗಿದ್ದಾರೆ ಎಂಬ ಜಾಹೀರಾತು ಬಂದರೆ ಕಣ್ಣು ನಿಲ್ಲುವುದು ಸಹಜ. ಹೋಗಬೇಡಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಹೋಗುವವರು ಮರಳುವ ದಾರಿಯನ್ನು ತಿಳಿದು ಹೋಗಲಿ ಎಂಬುದಷ್ಟೇ ನನ್ನ ಆಸೆ.

ಗುಳೆಯ ಮಾತು ತೆಗೆದದ್ದಕ್ಕೆ ಕಾರಣವಿದೆ. ಕಬ್ಬು ಕಡಿಯಲು ಹೋಗುವ ಜೋಡಿಗೆ ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ. ಮುಂಗಡ ತೀರುವವರೆಗೆ ಗದ್ದೆ ಬಿಡುವಂತಿಲ್ಲ. ಮೈ ಹುಷಾರಿಲ್ಲದಿದ್ದರೂ, ಊರಲ್ಲಿ ಸಾವಾದರೂ, ಹೇಳಿ ಹೊರಡುತ್ತೇನೆಂದರೆ ಬಿಡುವುದಿಲ್ಲ. ಅದಕ್ಕೇ ಕೆಲವರು ಹೇಳದೆ ಬರುತ್ತಾರೆ. ದೇಶದಲ್ಲಿ ಇಂಥ ಕಟ್ಟಿಗೆ ಜೀತ ಎಂಬ ಹೆಸರಿದೆ, 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆ ಇದೆ. ಹೊರದೇಶಕ್ಕೆ ಹೋಗುವ ಮೇಷ್ಟ್ರಿಗೆ ಮೇಸ್ತ್ರಿಯ ಮುಂಗಡವಿಲ್ಲ. ಬದಲಿಗೆ ಏಜೆಂಟರಿಗೆ ಕಟ್ಟಿದ ಹಣವಿದೆ, ಆ ಹಣಕ್ಕಾಗಿ ಅಡವಿಟ್ಟ ತಾಯಿಯ ಬಂಗಾರವಿದೆ, ಸಂಘದ ಸಾಲವಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಲವಂತದ ದುಡಿಮೆಯನ್ನು ಗುರುತಿಸಲು ಹನ್ನೊಂದು ಲಕ್ಷಣಗಳನ್ನು ಪಟ್ಟಿ ಮಾಡಿದೆ. ಸಾಲದ ಕಟ್ಟು, ಸಂಬಳ ತಡೆಹಿಡಿಯುವುದು, ಗುರುತಿನ ದಾಖಲೆಗಳನ್ನು ಕಿತ್ತಿಟ್ಟುಕೊಳ್ಳುವುದು ಮೂರೂ ಅದರಲ್ಲಿವೆ. ಸ್ಟಾಫ್ ರೂಮಿನಲ್ಲಿ ಕುರ್ಚಿಯ ಮೇಲೆ ಕೂತವರಿಗೂ ಆ ಪಟ್ಟಿ ಅಷ್ಟೇ ಅನ್ವಯ.

ಇಲ್ಲಿ ನಮ್ಮದೇ ಕಾನೂನಿನ ಒಂದು ದೊಡ್ಡ ಕೊರತೆಯನ್ನು ನೋಡಬೇಕು. ವಿದೇಶಕ್ಕೆ ದುಡಿಯಲು ಹೋಗುವವರ ರಕ್ಷಣೆಗೆ 1983ರ ವಲಸೆ ಕಾಯ್ದೆ ಇದೆ. ಕೊಲ್ಲಿ ದೇಶಗಳು, ಮಲೇಷ್ಯಾ, ಲಿಬಿಯಾ, ಥಾಯ್ಲೆಂಡ್ ಸೇರಿ 18 ದೇಶಗಳಿಗೆ ದುಡಿಯಲು ಹೋಗುವವರು ಹೊರಡುವ ಮುಂಚೆ ವಲಸೆ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಆ ಅಧಿಕಾರಿ ಕರಾರು ನೋಡುತ್ತಾರೆ, ಸಂಬಳ ನೋಡುತ್ತಾರೆ, ವಿಮೆ ಇದೆಯೇ ಎಂದು ನೋಡುತ್ತಾರೆ. ಆದರೆ ಹತ್ತನೇ ತರಗತಿ ಪಾಸಾದವರಿಗೆ ಈ ಅನುಮತಿ ಬೇಡ. ಓದಿದವರು ತಮ್ಮ ಹಿತ ತಾವೇ ಕಾಯ್ದುಕೊಳ್ಳುತ್ತಾರೆ ಎಂಬ ನಂಬಿಕೆ ಅದರ ಹಿಂದಿದೆ. ಪರಿಣಾಮವಾಗಿ ಕೂಡ್ಲಿಗಿಯಿಂದ ಗಾರೆ ಕೆಲಸಕ್ಕೆ ಹೋಗುವ, ಎಸ್ಸೆಸ್ಸೆಲ್ಸಿ ದಾಟದ ಯುವಕನ ಕರಾರನ್ನು ಸರ್ಕಾರ ಒಮ್ಮೆಯಾದರೂ ಕಣ್ಣಾಡಿಸಿ ಕಳಿಸುತ್ತದೆ. ಅದೇ ವಿಮಾನದಲ್ಲಿ ಕೂತ ಎಂ.ಎಸ್ಸಿ., ಬಿ.ಎಡ್. ಶಿಕ್ಷಕಿಯ ಕರಾರನ್ನು ಯಾರೂ ನೋಡಿರುವುದಿಲ್ಲ.

ನರ್ಸ್‌ಗಳ ವಿಷಯದಲ್ಲಿ ಈ ತಪ್ಪು ಸರ್ಕಾರಕ್ಕೆ ಅರಿವಾಯಿತು. ನೇಮಕಾತಿಯ ಹೆಸರಲ್ಲಿ ಲಕ್ಷಾಂತರ ರೂಪಾಯಿ ಸುಲಿಯುತ್ತಿದ್ದಾರೆಂಬ ದೂರುಗಳು ಹೆಚ್ಚಾದಾಗ, 2015ರಿಂದ ಆ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ, ಅವರು ಎಷ್ಟೇ ಓದಿರಲಿ, ವಲಸೆ ಅನುಮತಿ ಕಡ್ಡಾಯವಾಯಿತು. ಶಿಕ್ಷಕರನ್ನು ಆ ಸಾಲಿಗೆ ಸೇರಿಸಲಿಲ್ಲ. 2019ರ ಜನವರಿ 1ರಿಂದ ಓದಿದವರೂ ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು ಎಂದು ವಿದೇಶಾಂಗ ಸಚಿವಾಲಯ ಒಮ್ಮೆ ಪ್ರಕಟಿಸಿತು. ವಿರೋಧ ಬಂದೊಡನೆ, 2018ರ ನವೆಂಬರ್ ಮುಗಿಯುವುದರೊಳಗೆ, ಅದನ್ನು ಅಮಾನತಿನಲ್ಲಿಟ್ಟಿತು. ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಸ್ವಇಚ್ಛೆಯಿಂದ ನೋಂದಾಯಿಸುವ ಅವಕಾಶ ಇದೆ. ಅದನ್ನು ಬಳಸುವ ಮೇಷ್ಟ್ರುಗಳು ಎಷ್ಟು ಮಂದಿ ಇದ್ದಾರು?

ಇನ್ನು ಕೆಲಸ ಬಿಡುವ ವಿಚಾರ. ನಮ್ಮಲ್ಲಿ ಖಾಸಗಿ ಶಾಲೆಯ ಶಿಕ್ಷಕಿ ನಾಳೆಯಿಂದ ಬರುವುದಿಲ್ಲ ಎಂದರೆ ಮುಖ್ಯೋಪಾಧ್ಯಾಯರು ಗೊಣಗುತ್ತಾರೆ, ಹೆಚ್ಚೆಂದರೆ ಒಂದು ತಿಂಗಳ ಸಂಬಳ ಹಿಡಿಯುತ್ತಾರೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಂತೆ ಯಾರನ್ನೂ ಒತ್ತಾಯದಿಂದ ಕೆಲಸದಲ್ಲಿ ಇರಿಸಿಕೊಳ್ಳುವಂತೆ ನ್ಯಾಯಾಲಯ ಆದೇಶಿಸುವುದಿಲ್ಲ. ಕರಾರು ಮುರಿದರೆ ಪರಿಹಾರ ಕೇಳಬಹುದು, ಅಷ್ಟೆ. ಆ ಪರಿಹಾರವೂ ಸಣ್ಣದೇನಲ್ಲ ಎಂಬುದನ್ನು ನೆನಪಿಡಬೇಕು. ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣವೊಂದರಲ್ಲಿ, ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಕರ್ನಾಟಕ ಹೈಕೋರ್ಟ್ ಆ ಷರತ್ತನ್ನು ಒಪ್ಪಿರಲಿಲ್ಲ.

ಕೊಲ್ಲಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಕೆಲಸ, ವೀಸಾ, ವಾಸದ ಪರವಾನಗಿ, ಹಲವು ಕಡೆ ಮನೆಯೂ ಮಾಲೀಕನ ಹೆಸರಿಗೆ ಅಂಟಿಕೊಂಡಿರುತ್ತವೆ. ಶಾಲೆಗೆ ಬರುವುದು ನಿಲ್ಲಿಸಿದ ಶಿಕ್ಷಕನ ಮೇಲೆ ಆಡಳಿತ ಮಂಡಳಿ ಪರಾರಿ ದೂರು ಕೊಡಬಹುದು. ಸೌದಿಯಲ್ಲಿ ದುಡಿದವರೆಲ್ಲ ಇದನ್ನು ಹುರೂಬ್ ಎಂದೇ ಕರೆಯುತ್ತಾರೆ, ಆ ಹೆಸರು ಕೇಳಿದರೆ ಸಾಕು ನಡುಗುತ್ತಾರೆ. ಹುರೂಬ್ ಬಿದ್ದವರ ವಾಸದ ಪರವಾನಗಿ, ಅಂದರೆ ಇಕಾಮಾ, ಕೆಲಸಕ್ಕೆ ಬಾರದಂತಾಗಿ, ಬೇರೆ ಕೆಲಸಕ್ಕೆ ಸೇರಲಾಗದೆ, ದೇಶ ಬಿಡಲೂ ಆಗದೆ ವರ್ಷಗಟ್ಟಲೆ ಅಡಗಿ ಬದುಕಿದವರಿದ್ದಾರೆ.

ಆದರೆ ಕಳೆದ ಕೆಲವು ವರ್ಷಗಳಲ್ಲಿ ಅಲ್ಲಿನ ಕಾನೂನು ಬಹಳ ಬದಲಾಗಿದೆ. ನಮ್ಮ ಏಜೆಂಟರು ಇದನ್ನು ಹೇಳುವುದಿಲ್ಲ, ಹತ್ತು ವರ್ಷದ ಹಿಂದೆ ಅಲ್ಲಿದ್ದು ಬಂದವರಿಗೂ ಗೊತ್ತಿರುವುದಿಲ್ಲ. ಸೌದಿಯಲ್ಲಿ 2021ರ ಮಾರ್ಚ್ 14ರಿಂದ ಕರಾರು ಮುಗಿದವರು ಮಾಲೀಕನ ಒಪ್ಪಿಗೆ ಇಲ್ಲದೆಯೇ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ಕೊನೆಯ ನಿರ್ಗಮನಕ್ಕೆ ಅರ್ಜಿ ಹಾಕಬಹುದು. ಕರಾರು ನಡುವಿನಲ್ಲೂ ಹೊರಡಬಹುದು, ಕರಾರು ಮುರಿದದ್ದರ ಪರಿಣಾಮಕ್ಕೆ ತಾವೇ ಹೊಣೆ. ಕತಾರ್ 2018ರಿಂದ ಬಹುತೇಕ ನೌಕರರಿಗೆ ನಿರ್ಗಮನ ಪರವಾನಗಿ ಕೈಬಿಟ್ಟಿತು, 2020ರಲ್ಲಿ ಆ ವಿನಾಯಿತಿಯನ್ನು ಉಳಿದ ಹೆಚ್ಚಿನವರಿಗೂ ವಿಸ್ತರಿಸಿತು. ಅಂದರೆ ಹಿಂದೆ ಹೇಳದೆ ಬರಲೇಬೇಕಾಗಿದ್ದ ಎಷ್ಟೋ ಕಡೆ ಈಗ ಹೇಳಿಯೇ ಬರಬಹುದು. ಇದು ಗೊತ್ತಿಲ್ಲದೆ ಕದ್ದು ಬಂದವರು ಬರಬೇಕಾದ ದುಡ್ಡನ್ನು ಅಲ್ಲೇ ಬಿಟ್ಟು ಬಂದಿರುತ್ತಾರೆ.

ಎಲ್ಲ ಕಡೆಯೂ ಗಾಳಿ ಒಂದೇ ದಿಕ್ಕಿಗೆ ಬೀಸಿಲ್ಲ. ಭಾರತೀಯ ಶಾಲೆಗಳು ಬಹಳ ಇರುವ ಕುವೈತ್‌ನಲ್ಲಿ 2025ರ ಜುಲೈ 1ರಿಂದ ಖಾಸಗಿ ವಲಯದ ವಿದೇಶಿ ನೌಕರರು ದೇಶ ಬಿಡುವ ಮುನ್ನ ಮಾಲೀಕರಿಂದ ನಿರ್ಗಮನ ಅನುಮತಿ ಪಡೆಯುವುದು ಕಡ್ಡಾಯವಾಗಿದೆ. ರಜೆಗೆ ಬರುವುದಕ್ಕೂ ಅದು ಬೇಕು. ಅಲ್ಲಿಗೆ ಹೊರಟ ನಮ್ಮವರು ಈ ಒಂದು ಸಂಗತಿಯನ್ನು ಕರಾರಿಗೆ ಸಹಿ ಹಾಕುವ ಮೊದಲೇ ತಿಳಿದಿರಬೇಕು.

ಯುಎಇ ಕಾನೂನು ಇವುಗಳಲ್ಲಿ ಹೆಚ್ಚು ಸ್ಪಷ್ಟ. 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿರುವ ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ನೋಟಿಸ್ ಅವಧಿ 30ರಿಂದ 90 ದಿನ. ಪರೀಕ್ಷಾ ಅವಧಿಯಲ್ಲೇ ದೇಶ ಬಿಟ್ಟು ಹೋಗುವುದಾದರೆ 14 ದಿನ ಮುಂಚೆ ಲಿಖಿತವಾಗಿ ತಿಳಿಸಿದರೆ ಸಾಕು. ತಿಳಿಸದೆ ಹೋದರೆ ಒಂದು ವರ್ಷ ಅಲ್ಲಿ ಕೆಲಸದ ಪರವಾನಗಿ ಸಿಗುವುದಿಲ್ಲ. ಸಕಾರಣವಿಲ್ಲದೆ ಸತತ ಏಳು ದಿನಕ್ಕಿಂತ ಹೆಚ್ಚು, ಅಥವಾ ವರ್ಷದಲ್ಲಿ ಬಿಡಿಬಿಡಿಯಾಗಿ ಇಪ್ಪತ್ತು ದಿನಕ್ಕಿಂತ ಹೆಚ್ಚು ಗೈರಾದರೆ ಶಾಲೆ ನೋಟಿಸ್ ಇಲ್ಲದೆ ತೆಗೆದುಹಾಕಬಹುದು. ಇದೇ ಕಾನೂನು ಶಿಕ್ಷಕರ ಕೈಗೂ ಒಂದು ಅಸ್ತ್ರ ಕೊಟ್ಟಿದೆ. ಮಾಲೀಕ ಕರಾರು ಪಾಲಿಸದಿದ್ದರೆ, 14 ಕೆಲಸದ ದಿನ ಮುಂಚೆ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟು, ಅಷ್ಟರಲ್ಲಿ ಸರಿಪಡಿಸದೇ ಹೋದರೆ ನೋಟಿಸ್ ಇಲ್ಲದೆಯೇ ಕೆಲಸ ಬಿಡಬಹುದು. ಹಲ್ಲೆ, ಕಿರುಕುಳ ನಡೆದರೂ ಬಿಡಬಹುದು. ಸೌದಿ ಕಾರ್ಮಿಕ ಕಾನೂನಿನ 81ನೇ ವಿಧಿಯೂ ಇಂಥದ್ದೇ ಅವಕಾಶ ಕೊಡುತ್ತದೆ. ಹಾಗಾಗಿ ನೋಟಿಸ್ ಇಲ್ಲದೆ ಕೆಲಸ ಬಿಡುವುದು ಯಾವಾಗಲೂ ತಪ್ಪೆಂದು ತಿಳಿಯಬೇಕಿಲ್ಲ. ಕಾನೂನು ಕೇಳುವುದು ದಾಖಲೆಯನ್ನು. ದೂರು ಕೊಟ್ಟು ಬಿಟ್ಟವರು ಹಕ್ಕುದಾರರಾಗಿ ಉಳಿಯುತ್ತಾರೆ. ಸುಮ್ಮನೆ ಬಿಟ್ಟು ಬಂದವರ ಮೇಲೆ ಗೈರುಹಾಜರಿಯ ದೂರೇ ದಾಖಲೆಯಾಗುತ್ತದೆ.

ದುಡ್ಡಿನ ಲೆಕ್ಕ ನೋಡೋಣ. ಯುಎಇಯಲ್ಲಿ ಒಂದು ವರ್ಷ ದಾಟಿದ ನೌಕರರಿಗೆ ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ ಗ್ರಾಚ್ಯುಟಿಯಾಗಿ ಸಿಗಬೇಕು. ಹಡಗಲಿಯ ಹೆಣ್ಣುಮಗಳೊಬ್ಬಳು ಶಾರ್ಜಾದಲ್ಲಿ 3,000 ದಿರ್ಹಮ್ ಮೂಲ ವೇತನಕ್ಕೆ ಮೂರು ವರ್ಷ ಪಾಠ ಮಾಡಿದಳು ಎಂದಿಟ್ಟುಕೊಳ್ಳಿ. ಅವಳ ಪಾಲು 6,300 ದಿರ್ಹಮ್, ಹೆಚ್ಚುಕಡಿಮೆ ಒಂದೂವರೆ ಲಕ್ಷ ರೂಪಾಯಿ. ನೋಟಿಸ್ ಅವಧಿ ದುಡಿಯದೆ ಬಂದರೆ ಆ ಅವಧಿಯ ಸಂಬಳದಷ್ಟನ್ನು ಶಾಲೆಗೆ ಪರಿಹಾರ ಕೊಡಬೇಕಾಗುತ್ತದೆ. ಕಳೆದರೂ ಸ್ವಲ್ಪ ಉಳಿಯಬಹುದು. ಆದರೆ ಅಲ್ಲಿ ಇಲ್ಲದವಳ ಪರವಾಗಿ ಕೇಳುವವರು ಯಾರು? ಸೌದಿಯಲ್ಲಿ ಇನ್ನೂ ಕಟ್ಟುನಿಟ್ಟು. ಎರಡರಿಂದ ಐದು ವರ್ಷ ದುಡಿದು ಸರಿಯಾಗಿ ರಾಜೀನಾಮೆ ಕೊಟ್ಟವರಿಗೆ ಸೇವಾಂತ್ಯದ ಮೊತ್ತದ ಮೂರನೇ ಒಂದು ಭಾಗ, ಐದು ದಾಟಿದರೆ ಮೂರನೇ ಎರಡು ಭಾಗ, ಹತ್ತು ದಾಟಿದರೆ ಪೂರ್ತಿ ಸಿಗುತ್ತದೆ. ಗೈರುಹಾಜರಿಯ ಕಾರಣಕ್ಕೆ ವಜಾ ಆದವರಿಗೆ ಏನೂ ಇಲ್ಲ.

ಸಾಲ ಬೆನ್ನು ಹತ್ತಿ ಬರುತ್ತದೆ ಎಂಬುದು ಇನ್ನೊಂದು ಮುಖ್ಯ ವಿಷಯ. ಸಂಬಳದ ಖಾತೆ ಇದ್ದವರಿಗೆ ದುಬೈನ ಬ್ಯಾಂಕುಗಳು ಸಾಲ, ಕ್ರೆಡಿಟ್ ಕಾರ್ಡ್ ಧಾರಾಳವಾಗಿ ಕೊಡುತ್ತವೆ. ವಿಮಾನ ಹತ್ತಿದರೆ ಸಾಲ ಅಲ್ಲಿಗೇ ಮುಗಿಯಿತು ಎಂಬ ಮಾತು ಮೊದಲು ಓಡಾಡುತ್ತಿತ್ತು. 2020ರ ಜನವರಿ 17ರ ಅಧಿಸೂಚನೆಯಲ್ಲಿ ಭಾರತ ಸರ್ಕಾರ ಯುಎಇಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಅಡಿ ಪರಸ್ಪರ ಮಾನ್ಯತೆಯ ದೇಶವೆಂದು ಘೋಷಿಸಿದೆ. ಅಲ್ಲಿನ ನ್ಯಾಯಾಲಯದ ಸಾಲ ವಸೂಲಿ ಡಿಕ್ರಿಯನ್ನು ಈಗ ನಮ್ಮ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿಗೆ ತರಬಹುದು. ಹರಪನಹಳ್ಳಿಯ ಹೊಲ, ಕೊಟ್ಟೂರಿನ ಮನೆ ಇನ್ನು ಆ ಸಾಲದಿಂದ ದೂರವಿಲ್ಲ.

ಪಾಸ್‌ಪೋರ್ಟ್ ಬಗ್ಗೆ ಒಂದು ಮಾತನ್ನು ಎಲ್ಲರೂ ಬಾಯಿಪಾಠ ಮಾಡಿಕೊಳ್ಳಬೇಕು. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು. ಸುರಕ್ಷಿತವಾಗಿರಲಿ ಎಂದು ಕಚೇರಿಯ ಬೀರುವಿನಲ್ಲಿ ಇಟ್ಟುಕೊಳ್ಳುವ ಅಧಿಕಾರ ಯಾವ ಶಾಲೆಗೂ ಇಲ್ಲ. ಕೊಲ್ಲಿ ದೇಶಗಳ ಕಾನೂನುಗಳೂ ಇದನ್ನು ನಿಷೇಧಿಸಿವೆ. ಆದರೂ ಇಟ್ಟುಕೊಳ್ಳುವವರಿದ್ದಾರೆ, ಕೇಳಲು ಅಂಜುವವರಿದ್ದಾರೆ. ಪಾಸ್‌ಪೋರ್ಟ್ ಸಿಗದಿದ್ದರೆ ನಮ್ಮ ರಾಯಭಾರ ಕಚೇರಿ ಒಂದು ಸಲದ ಪ್ರಯಾಣಕ್ಕೆ ತುರ್ತು ಪ್ರಮಾಣಪತ್ರ ಕೊಡಬಲ್ಲದು. ಆದರೆ ನಿರ್ಗಮನ ಅನುಮತಿ ಬೇಕಾದ ದೇಶದಲ್ಲಿ ಆ ಕಾಗದ ಒಂದೇ ಸಾಲದು. ಸಂವಿಧಾನದ 21ನೇ ವಿಧಿಯ ಸ್ವಾತಂತ್ರ್ಯದಲ್ಲಿ ವಿದೇಶ ಪ್ರಯಾಣವೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಹೇಳಿತು. ಆ ಸ್ವಾತಂತ್ರ್ಯ ಗಡಿ ದಾಟಿದ ಮೇಲೆ ಒಂದು ಖಾಸಗಿ ಶಾಲೆಯ ಬೀರುವಿಗೆ ಬಂದು ನಿಲ್ಲುವುದನ್ನು ನೆನೆದರೆ ಸಂಕಟವಾಗುತ್ತದೆ.

ಶಿಕ್ಷಕಿಯರದು ಇನ್ನೊಂದು ಬಗೆ. ಕೊಲ್ಲಿಯ ಭಾರತೀಯ ಶಾಲೆಗಳಲ್ಲಿ ಪಾಠ ಮಾಡುವ ಬಹಳ ಹೆಣ್ಣುಮಕ್ಕಳು ಗಂಡನ ವೀಸಾದ ಮೇಲಿರುತ್ತಾರೆ. ಶಾಲೆ ಬಿಟ್ಟರೆ ಅವರ ವಾಸದ ಪರವಾನಗಿಗೆ ತಕ್ಷಣ ಕುತ್ತಿಲ್ಲ. ಇದು ಅನುಕೂಲ ಅನ್ನಿಸುತ್ತದೆ, ಆದರೆ ಇದೇ ಕಾರಣಕ್ಕೆ ಅವರಿಗೆ ಕಡಿಮೆ ಸಂಬಳ ಕೊಡುವ ಶಾಲೆಗಳಿವೆ. ಇನ್ನು ಭೇಟಿ ವೀಸಾದಲ್ಲಿ ಕರೆಸಿಕೊಂಡು ಪಾಠಕ್ಕೆ ನಿಲ್ಲಿಸಿದರೆ ಅದು ಮೊದಲ ದಿನದಿಂದಲೇ ಅಕ್ರಮ. ಅಂಥ ಕಡೆಯಿಂದ ಆದಷ್ಟು ಬೇಗ ಹೊರಡುವುದೇ ಸರಿ.

ಹೇಳದೆ ಹೊರಡುವುದು ಧರ್ಮವೇ ಎಂಬ ಪ್ರಶ್ನೆಯನ್ನೂ ನಾನು ಬಿಟ್ಟುಬಿಡಲಾರೆ. ಶಿಕ್ಷಕ ಕೆಲಸ ಬಿಟ್ಟರೆ ಒಂದು ತರಗತಿ ನಿಂತುಹೋಗುತ್ತದೆ. ಅರ್ಧ ವರ್ಷದಲ್ಲಿ ಗಣಿತದ ಮೇಷ್ಟ್ರು ಇಲ್ಲದಂತಾದರೆ ಹತ್ತನೇ ತರಗತಿಯ ಮಕ್ಕಳಿಗೆ ಏನಾಗುತ್ತದೆ ಎಂದು ಈ ಐದು ತಾಲ್ಲೂಕಿನವರಿಗೆ ಹೇಳಬೇಕಾಗಿಲ್ಲ. ಹುದ್ದೆ ಖಾಲಿ ಬಿದ್ದ ಶಾಲೆಗಳನ್ನು ನಾವು ದಿನವೂ ನೋಡುತ್ತಿದ್ದೇವೆ. ನೋಟಿಸ್ ಅವಧಿಯಿಂದ ಆಡಳಿತ ಮಂಡಳಿಗಿಂತ ಹೆಚ್ಚು ಉಪಯೋಗವಾಗುವುದು ಆ ಮಕ್ಕಳಿಗೆ. ಸಂಬಳ ಸರಿಯಾಗಿ ಬರುತ್ತಿದ್ದೂ, ಪಾಸ್‌ಪೋರ್ಟ್ ಕೈಯಲ್ಲಿದ್ದೂ, ಬರೀ ಬೇಸರಕ್ಕೆ ಅಥವಾ ಮುಖ ತೋರಿಸಿ ಹೇಳುವ ಮುಜುಗರಕ್ಕೆ ಕದ್ದು ಬರುವುದನ್ನು ನಾನು ಒಪ್ಪುವುದಿಲ್ಲ. ಆದರೆ ರಾಜೀನಾಮೆ ಕೊಟ್ಟರೆ ಬಾಕಿ ಸಂಬಳ ತಡೆಯುತ್ತೇವೆ, ಸುಳ್ಳು ದೂರು ಹಾಕುತ್ತೇವೆ ಎಂದು ಬೆದರಿಸುವ ಕಡೆ ಮಕ್ಕಳ ಹೊಣೆಯನ್ನು ಶಿಕ್ಷಕರೊಬ್ಬರ ಹೆಗಲಿಗೇ ಹೊರಿಸುವುದು ಅನ್ಯಾಯ. ಹೊರಡುವವರು ಪಾಠ ಎಲ್ಲಿಗೆ ನಿಂತಿದೆ, ಅಂಕಗಳ ಪಟ್ಟಿ ಎಲ್ಲಿದೆ ಎಂದು ಒಂದು ಟಿಪ್ಪಣಿ ಬಿಟ್ಟು ಬಂದರೆ, ಅಂಥ ಸ್ಥಿತಿಯಲ್ಲಿ ಅವರಿಂದ ಅದಕ್ಕಿಂತ ಹೆಚ್ಚು ಕೇಳಲಾಗದು.

ಕಾಗದದ ಬೆಲೆ ಏನೆಂದು ಕುವೈತ್ ತೋರಿಸಿಕೊಟ್ಟಿದೆ. 1990ರ ಆಗಸ್ಟ್ 2ರಂದು ಇರಾಕ್ ದಾಳಿ ಮಾಡಿದಾಗ ಅಲ್ಲಿದ್ದ ಭಾರತೀಯರು ಉಟ್ಟ ಬಟ್ಟೆಯಲ್ಲಿ ಹೊರಟರು. ಜೋರ್ಡಾನ್‌ನ ಅಮ್ಮಾನ್‌ನಿಂದ ಏರ್ ಇಂಡಿಯಾ 488 ಹಾರಾಟಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ರಾಜೀನಾಮೆ, ನೋಟಿಸ್, ಬಾಕಿ ಸಂಬಳ ಯಾವುದರ ಮಾತೂ ಇರಲಿಲ್ಲ. ಯುದ್ಧ ಮುಗಿದ ಮೇಲೆ, 1991ರಲ್ಲಿ, ವಿಶ್ವಸಂಸ್ಥೆ ಪರಿಹಾರ ಆಯೋಗವನ್ನು ರಚಿಸಿತು. ದೇಶ ಬಿಟ್ಟು ಬರಬೇಕಾಗಿ ಬಂದದ್ದಕ್ಕೇ ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್ ಎಂದು ಅದು ನಿಗದಿ ಮಾಡಿತು. ಬೇರೆ ಯಾವ ನಷ್ಟವನ್ನೂ ಕೇಳುವುದಿಲ್ಲ ಎಂದವರಿಗೆ 4,000 ಮತ್ತು 8,000. ಅದನ್ನು ಪಡೆಯಲು ತಾನು ಅಲ್ಲಿದ್ದೆ, ಅಲ್ಲಿಂದ ಹೊರಟು ಬಂದೆ ಎಂದು ತೋರಿಸುವುದು ಬೇಕಿತ್ತು. ಸಂಬಳದ ನಷ್ಟವನ್ನೂ ಕೇಳುವವರಿಗೆ ಕರಾರು, ಸಂಬಳದ ಚೀಟಿಗಳು ಬೇಕಾದವು.

ಆದ್ದರಿಂದ ಹೋಗುವವರ ಮನೆಯಲ್ಲಿ, ಊರಿನ ಟ್ರಂಕಿನಲ್ಲಿ, ಒಂದು ಪ್ರತಿ ಇರಲಿ: ಸಹಿಯಾದ ಕರಾರು, ಪಾಸ್‌ಪೋರ್ಟ್‌ನ ಎಲ್ಲ ಪುಟ, ವೀಸಾ, ಏಜೆಂಟರಿಗೆ ಕೊಟ್ಟ ಹಣದ ರಸೀದಿ. ಕರಾರು ಎರಡು ಭಾಷೆಯಲ್ಲಿದ್ದರೆ ಯುಎಇ ನ್ಯಾಯಾಲಯ ಅರಬ್ಬೀ ಪಠ್ಯವನ್ನೇ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ 30 ದಿನ, ಅರಬ್ಬಿಯಲ್ಲಿ 90 ದಿನ ಇದ್ದರೆ 90 ದಿನವೇ ನಿಲ್ಲುತ್ತದೆ, ಹಾಗಾಗಿ ಸಹಿಗೆ ಮುಂಚೆ ಅರಬ್ಬೀ ಬಲ್ಲವರಿಂದ ಓದಿಸಿ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಒಂದೂವರೆ ಲಕ್ಷ, ಎರಡು ಲಕ್ಷ ಕೇಳುವವರು ಅಲ್ಲಿಗೇ ಕಾನೂನು ಮೀರಿದ್ದಾರೆ. ಏಜೆಂಟರ ನೋಂದಣಿ ಸಂಖ್ಯೆ ನಿಜವೇ ಎಂದು ಇ-ಮೈಗ್ರೇಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ರಾಜ್ಯ ಸರ್ಕಾರದ ಕೌಶಲ್ಯಾಭಿವೃದ್ಧಿ ಇಲಾಖೆಯ ಅಡಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ. ಹೊಸಪೇಟೆಯಿಂದ ರಾತ್ರಿ ರೈಲು ಹತ್ತಿ ಏಜೆಂಟರ ಕಚೇರಿಗೆ ಹೋಗುವವರು ಮೊದಲು ಅಲ್ಲಿಗೆ ಹೋಗಲಿ.

ಅಲ್ಲಿ ತೊಂದರೆ ಶುರುವಾದ ಮೇಲೆ ದೂರುಗಳನ್ನೆಲ್ಲ ಬರವಣಿಗೆಯಲ್ಲಿಡಿ, ಶಾಲೆಯ ಇಮೇಲ್‌ನ ಪ್ರತಿಯನ್ನು ಸ್ವಂತ ಇಮೇಲ್‌ಗೂ ಕಳಿಸಿಕೊಳ್ಳಿ. ಕೆಲಸ ಬಿಟ್ಟ ದಿನ ಶಾಲೆಯ ಖಾತೆ ಮುಚ್ಚುತ್ತದೆ, ಅದರೊಂದಿಗೆ ಪುರಾವೆಯೂ ಹೋಗುತ್ತದೆ. ಭಾರತೀಯ ರಾಯಭಾರ ಕಚೇರಿಯ ನೆರವು ಕೇಳಲು ಮದದ್ ಪೋರ್ಟಲ್ ಇದೆ. ದುಬೈ, ರಿಯಾದ್, ಜೆಡ್ಡಾ, ಕೌಲಾಲಂಪುರಗಳಲ್ಲಿ ಪ್ರವಾಸಿ ಭಾರತೀಯ ಸಹಾಯ ಕೇಂದ್ರಗಳಿವೆ. ಕಷ್ಟದಲ್ಲಿ ಸಿಕ್ಕಿದವರ ಊಟ, ವಸತಿ, ಟಿಕೆಟ್, ವಕೀಲರ ನೆರವಿಗೆ 2009ರಿಂದ ಸಮುದಾಯ ಕಲ್ಯಾಣ ನಿಧಿ ಇದೆ. ಅದು ಕೂಲಿಯವರಿಗೆ, ನಾವು ಓದಿದವರು ಹೇಗೆ ಕೇಳುವುದು ಎಂಬ ಸಂಕೋಚ ಬೇಡ.

1983ರ ವಲಸೆ ಕಾಯ್ದೆಯ ಜಾಗಕ್ಕೆ ಹೊಸ ಕಾನೂನು ತರಲು ಕೇಂದ್ರ ಸರ್ಕಾರ 2025ರಲ್ಲಿ ಕರಡು ಮಸೂದೆ ಹೊರತಂದಿದೆ. ನರ್ಸ್‌ಗಳಿಗೆ ಕೊಟ್ಟ ರಕ್ಷಣೆಯನ್ನು ಶಿಕ್ಷಕರಿಗೂ ಕೊಡಿ, ಅವರ ಕರಾರನ್ನೂ ಹೊರಡುವ ಮುಂಚೆ ಒಬ್ಬ ಅಧಿಕಾರಿ ಓದಲಿ ಎಂದು ಕೇಳಲು ಇದು ಸರಿಯಾದ ಹೊತ್ತು. ಶಿಕ್ಷಕರ ಸಂಘಗಳು ಕೇಳಬೇಕು, ಬಳ್ಳಾರಿ ಮತ್ತು ದಾವಣಗೆರೆಯ ಸಂಸದರು ಕೇಳಬೇಕು. ಈ ಐದು ತಾಲ್ಲೂಕುಗಳು ಅವರಿಬ್ಬರ ಕ್ಷೇತ್ರಗಳಲ್ಲೇ ಬರುತ್ತವೆ.